ಆಟಿಸಂಗೆ ಸ್ಟೆಮ್ ಸೆಲ್ ಮಾಡಿಸ್ಬೇಕಾ ಬೇಡ್ವಾ: ಇರೋ ದಾರಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದ್ದು

ನನ್ನ ಮಗನಿಗೆ 5 ವರ್ಷ ಇದ್ದಾಗ ನಾವು ಸ್ಟೆಮ್ ಸೆಲ್‌ಗೆ (ಬೇರೆ ಬೇರೆ ಥರದ ಜೀವಕೋಶ ಆಗಬಲ್ಲ ಮೂಲ ಜೀವಕೋಶನ ಮೈಗೆ ಹಾಕೋ ಚಿಕಿತ್ಸೆ) ಡೇಟ್ ತಗೊಂಡಿದ್ವಿ. ಬ್ಲಡ್ ಟೆಸ್ಟ್ ಆಗಿತ್ತು, ಫೈಲ್ ರೆಡಿ ಇತ್ತು, ಮನೆಯಲ್ಲಿ ಎಲ್ಲರೂ ಒಪ್ಪಿದ್ರು. ಕೊನೇ ಸಲ ಮಾತಾಡೋಕೆ ಹೋದಾಗ ಅಲ್ಲಿನ ಕೌನ್ಸೆಲರ್ ಹತ್ರ ಒಂದೇ ಒಂದು ಪ್ರಶ್ನೆ ಕೇಳಿದೆ, ಇದು ಕೆಲಸ ಮಾಡ್ಲಿಲ್ಲ ಅಂದ್ರೆ ನಮಗೆ ಹೇಗೆ ಗೊತ್ತಾಗುತ್ತೆ ಅಂತ. ಅವರು ತುಂಬಾ ಸಮಾಧಾನವಾಗೇ ಹೇಳಿದ್ರು, "ಕೆಲವು ಮಕ್ಕಳಿಗೆ ಎರಡನೇ ಡೋಸ್ ಬೇಕಾಗುತ್ತೆ ಮೇಡಂ." ಅದಾದ್ಮೇಲೂ ಏನೂ ಆಗ್ಲಿಲ್ಲ ಅಂದ್ರೆ? "ಮೂರನೇದು ಮುಗೀಲಿ, ಆಮೇಲೆ ನೋಡೋಣ." ನಾನು ಫೈಲ್ ಎತ್ಕೊಂಡು ವಾಪಸ್ ಬಂದೆ. ಆವತ್ತು ನನಗೆ ಸೈನ್ಸ್ ಏನೂ ಗೊತ್ತಿರಲಿಲ್ಲ, ಆದ್ರೆ ಸೋಲು ಅನ್ನೋದೇ ಇಲ್ಲದ ಟ್ರೀಟ್‌ಮೆಂಟ್ ಅಂದ್ರೆ ಎಲ್ಲೋ ಏನೋ ಸರಿ ಇಲ್ಲ ಅಂತ ಮಾತ್ರ ಅನ್ನಿಸ್ತು.

ಆಮೇಲೆ ಎರಡು ಮೂರು ವರ್ಷ ಕೂತು ಓದಿದೀನಿ, ಡಾಕ್ಟ್ರುಗಳ ಹತ್ರ ಕೇಳಿದೀನಿ. ನಾನು ಡಾಕ್ಟ್ರಲ್ಲ, ಅಮ್ಮ. ಇವತ್ತು ಇದೇ ಜಾಗದಲ್ಲಿ ನಿಂತಿರೋ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಪ್ರತಿ ದಾರಿಗೂ ಅದೇ ಪ್ರಶ್ನೆ ಕೇಳ್ತೀನಿ, ಕೆಲಸ ಮಾಡ್ಲಿಲ್ಲ ಅಂದ್ರೆ ಹೇಗೆ ಗೊತ್ತಾಗುತ್ತೆ.

ಮೊದಲು ಈ ಇಮ್ಯೂನ್ ಸಿಸ್ಟಮ್ (ದೇಹದ ರೋಗನಿರೋಧಕ ವ್ಯವಸ್ಥೆ) ವಿಷಯ

ಸ್ಟೆಮ್ ಸೆಲ್ ಬಗ್ಗೆ ಯಾರೇ ಮಾತಾಡಿದ್ರೂ ಶುರು ಮಾಡೋದು ಇಲ್ಲಿಂದ. ಆಟಿಸಂ ಇರೋ ಮಕ್ಕಳ ಮೆದುಳಲ್ಲಿ ಉರಿಯೂತ ಇದೆ, ಸ್ಟೆಮ್ ಸೆಲ್ ಉರಿಯೂತ ಕಮ್ಮಿ ಮಾಡುತ್ತೆ, ಹಾಗಾಗಿ ಮಗು ಸರಿ ಹೋಗುತ್ತೆ. ಕೇಳೋಕೆ ಒಂದಕ್ಕೊಂದು ಸರಿಯಾಗಿ ಕೂರುತ್ತೆ, ಅದಕ್ಕೇ ನಾವೂ ನಂಬಿದ್ದು. ಇದರಲ್ಲಿ ಮೊದಲನೇ ಭಾಗ ಸುಳ್ಳಲ್ಲ. 2005ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು, ಆಟಿಸಂ ಇದ್ದು ತೀರಿಕೊಂಡ 11 ಜನರ ಮೆದುಳನ್ನ ಪರೀಕ್ಷೆ ಮಾಡಿದ್ರು, ಅದರಲ್ಲಿ ಮೈಕ್ರೋಗ್ಲಿಯಾ ಅನ್ನೋ ಜೀವಕೋಶಗಳು ಕೆರಳಿದ ಸ್ಥಿತಿಯಲ್ಲಿದ್ವು. ಮೈಕ್ರೋಗ್ಲಿಯಾ ಅಂದ್ರೆ ಮೆದುಳಿನೊಳಗೇ ಇರೋ ಕಾವಲುಗಾರರು, ಸೋಂಕು ಬಂದ್ರೆ ಹೋರಾಡ್ತವೆ, ಜೊತೆಗೆ ಮಗು ಬೆಳೀತಾ ಇರೋವಾಗ ನರಕೋಶಗಳ ಮಧ್ಯೆ ಬೇಡದ ಕನೆಕ್ಷನ್‌ಗಳನ್ನ ಕತ್ತರಿಸಿ ತೆಗೀತವೆ, ಮಾಲಿ ಗಿಡದ ಹೆಚ್ಚಿನ ಕೊಂಬೆ ಸವರೋ ಥರ.

ಇನ್ನೊಂದು, ಗರ್ಭದಲ್ಲಿದ್ದಾಗಿನ ಕಥೆ. ಡೆನ್ಮಾರ್ಕ್‌ನಲ್ಲಿ 1980ರಿಂದ 2005ರವರೆಗೆ ಹುಟ್ಟಿದ 16 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ, ಮೊದಲ ಮೂರು ತಿಂಗಳಲ್ಲಿ ವೈರಲ್ ಸೋಂಕಾಗಿ ಆಸ್ಪತ್ರೆ ಸೇರಿದ ತಾಯಂದಿರ ಮಕ್ಕಳಲ್ಲಿ ಆಟಿಸಂ ಸ್ವಲ್ಪ ಹೆಚ್ಚು ಕಂಡಿದೆ (ಅಂಥ ತಾಯಂದಿರ ಮಕ್ಕಳಲ್ಲೂ ಹೆಚ್ಚಿನವರಿಗೆ ಆಟಿಸಂ ಇಲ್ಲ, ಇದನ್ನ ಓದಿ ಯಾರೂ ತನ್ನನ್ನ ತಾನು ಬೈಕೋಬೇಡಿ). ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯವರು ಕೆಲವು ತಾಯಂದಿರ ರಕ್ತದಲ್ಲಿ ಮಗುವಿನ ಮೆದುಳಿನ ಪ್ರೋಟೀನ್‌ಗಳಿಗೇ ಅಂಟಿಕೊಳ್ಳೋ ಆಂಟಿಬಾಡಿ ಇರೋದನ್ನ ಕಂಡುಹಿಡಿದಿದ್ದಾರೆ. 2007ರಲ್ಲಿ ಬಂದ ಒಂದು ಸ್ಟಡಿ ನನಗೆ ತುಂಬಾ ಹತ್ತಿರದ್ದು ಅನ್ನಿಸುತ್ತೆ, 30 ಮಕ್ಕಳ ಅಪ್ಪ ಅಮ್ಮಂದಿರು ಜ್ವರ ಬಂದಾಗ ಮಗು ಹೇಗಿರುತ್ತೆ ಅಂತ ಬರೆದಿಟ್ಟಿದ್ದು, ಜ್ವರದ ಹೊತ್ತಲ್ಲಿ ಎಷ್ಟೋ ಮಕ್ಕಳ ವರ್ತನೆ ಸುಧಾರಿಸಿತ್ತು. ನನ್ನ ಮಗನೂ ಹಾಗೇ. ಜ್ವರ ಬಂದ್ರೆ ಮಡಿಲಲ್ಲಿ ಬಂದು ಕೂರ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೆ, ಜ್ವರ ಇಳೀತಿದ್ದ ಹಾಗೇ ಮತ್ತೆ ತನ್ನ ಲೋಕಕ್ಕೆ ಹೋಗಿಬಿಡ್ತಾನೆ. ಆ ಎರಡು ದಿನ ನನಗೆ ಸಂತೋಷಪಡಬೇಕೋ ಭಯಪಡಬೇಕೋ ಗೊತ್ತಾಗಲ್ಲ.

ಅಂದ್ರೆ ಇಮ್ಯೂನ್ ಸಿಸ್ಟಮ್‌ಗೂ ಆಟಿಸಂಗೂ ಏನೋ ಸಂಬಂಧ ಇದೆ ಅನ್ನೋದು ನಿಜ. ಆದ್ರೆ ಇದನ್ನೂ ಗಮನಿಸಿ, ಗರ್ಭದಲ್ಲಿ ಆಗಿದ್ದು ಆಗಲೇ ಮೆದುಳಿನ ಕಟ್ಟಡದಲ್ಲಿ ಸೇರಿಹೋಗಿದೆ, ಐದು ವರ್ಷ ಆದ್ಮೇಲೆ ಉರಿಯೂತ ತಣ್ಣಗೆ ಮಾಡಿದ್ರೆ ಆ ಕಟ್ಟಡ ಹಿಂದಕ್ಕೆ ಹೋಗುತ್ತೆ ಅಂತ ಏನಿಲ್ಲ. ಮೈಕ್ರೋಗ್ಲಿಯಾ ಕೆರಳಿರೋದು ಕಾರಣನಾ ಪರಿಣಾಮನಾ ಅನ್ನೋದೂ ಇತ್ಯರ್ಥ ಆಗಿಲ್ಲ. ಅದೂ ಅಲ್ದೆ ಎಲ್ಲ ಮಕ್ಕಳಲ್ಲೂ ಇದು ಒಂದೇ ಥರ ಇಲ್ಲ. ಜೊತೆಗೆ 2019ರಲ್ಲಿ ಐದು ದೇಶಗಳ 20 ಲಕ್ಷ ಮಕ್ಕಳ ಲೆಕ್ಕ ಹಾಕಿದಾಗ ಆಟಿಸಂನಲ್ಲಿ ಅನುವಂಶೀಯತೆಯ ಪಾಲೇ ಸುಮಾರು 80% ಅಂತ ಬಂದಿದೆ. ಇಮ್ಯೂನ್ ಅಂದ ಕೂಡಲೇ ಕೆಲವರು ಲಸಿಕೆ ಕಡೆ ಬೆರಳು ತೋರಿಸ್ತಾರೆ, ಅದನ್ನೂ ಇಲ್ಲೇ ಹೇಳಿ ಮುಗಿಸ್ತೀನಿ, ಡೆನ್ಮಾರ್ಕ್‌ನಲ್ಲೇ 6,57,461 ಮಕ್ಕಳನ್ನ ನೋಡಿ 2019ರಲ್ಲಿ ಬಂದ ಸ್ಟಡಿಯಲ್ಲಿ ಎಂಎಂಆರ್ (ದಡಾರ, ಮಂಗನ ಬಾವು, ರುಬೆಲ್ಲಾ ತಡೆಯೋ) ಲಸಿಕೆಗೂ ಆಟಿಸಂಗೂ ಸಂಬಂಧ ಸಿಕ್ಕಿಲ್ಲ.

ಸ್ಟೆಮ್ ಸೆಲ್ ಅಂದ್ರೆ ಒಂದೇ ಅಲ್ಲ

ಫೋನಲ್ಲಿ ಎಲ್ಲರೂ ಸ್ಟೆಮ್ ಸೆಲ್ ಸ್ಟೆಮ್ ಸೆಲ್ ಅಂತಾರೆ, ಆದ್ರೆ ಕೊಡೋದು ಮೂರು ನಾಲ್ಕು ಬೇರೆ ಬೇರೆ ವಸ್ತು. ಯಾವುದು ಅಂತ ಕೇಳದೆ ಹೋಲಿಸೋಕೇ ಆಗಲ್ಲ.

ಒಂದು, ಮಗುವಿನದೇ ಹೊಕ್ಕುಳಬಳ್ಳಿ ರಕ್ತ, ಕಾರ್ಡ್ ಬ್ಲಡ್, ಹುಟ್ಟಿದಾಗ ಬ್ಯಾಂಕಲ್ಲಿ ಇಟ್ಟಿದ್ರೆ. ಇದರ ಮೇಲೆ ಎಲ್ಲಕ್ಕಿಂತ ಸರಿಯಾಗಿ ಕೆಲಸ ನಡೆದಿರೋದು ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ. 2017ರಲ್ಲಿ 25 ಮಕ್ಕಳಿಗೆ ಕೊಟ್ಟು ನೋಡಿದ್ರು, ಹೋಲಿಸೋಕೆ ಬೇರೆ ಗುಂಪು ಇರಲಿಲ್ಲ, ಸುಧಾರಣೆ ಕಾಣಿಸ್ತು, ಸುದ್ದಿ ಎಲ್ಲ ಕಡೆ ಹರಡ್ತು. ಆಮೇಲೆ ಅದೇ ಟೀಮ್ 180 ಮಕ್ಕಳ ಮೇಲೆ ದೊಡ್ಡ ಟ್ರಯಲ್ ಮಾಡ್ತು, 119 ಮಕ್ಕಳಿಗೆ ಕಾರ್ಡ್ ಬ್ಲಡ್ (ಕೆಲವರಿಗೆ ಸ್ವಂತದ್ದು, ಕೆಲವರಿಗೆ ಬೇರೆಯವರದ್ದು), 61 ಮಕ್ಕಳಿಗೆ ಪ್ಲಸೀಬೋ, ಅಂದ್ರೆ ನೋಡೋಕೆ ಹಾಗೇ ಇರೋ ಆದ್ರೆ ಸೆಲ್ ಇಲ್ಲದ ಡ್ರಿಪ್. ಆರು ತಿಂಗಳಾದ್ಮೇಲೆ ಮುಖ್ಯವಾಗಿ ಅಳೀಬೇಕಂತಿದ್ದ ಸೋಶಿಯಲ್ ಸ್ಕೋರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. 2020ರಲ್ಲಿ ಅವರೇ ಅದನ್ನ ಪ್ರಕಟಿಸಿದ್ರು. ಬುದ್ಧಿಮಟ್ಟ ಚೆನ್ನಾಗಿರೋ ಮಕ್ಕಳಲ್ಲಿ ಮಾತ್ರ ಏನೋ ಸ್ವಲ್ಪ ಸುಳಿವು ಕಂಡಿದೆ, ಅದು ಮುಂದಿನ ಟ್ರಯಲ್‌ಗೆ ಪ್ರಶ್ನೆ ಆಗಬಹುದೇ ಹೊರತು ಉತ್ತರ ಆಗಲ್ಲ. 2018ರಲ್ಲಿ ಸ್ಯಾಕ್ರಮೆಂಟೋದಲ್ಲಿ 29 ಮಕ್ಕಳಿಗೆ ಒಂದ್ಸಲ ಸೆಲ್, ಒಂದ್ಸಲ ಪ್ಲಸೀಬೋ ಕೊಟ್ಟು ನೋಡಿದ ಟ್ರಯಲ್‌ನಲ್ಲೂ ಖಚಿತವಾದ ವ್ಯತ್ಯಾಸ ಸಿಕ್ಕಿಲ್ಲ.

ಎರಡನೇದು ಎಂಎಸ್‌ಸಿ (ಮೆಸೆಂಕೈಮಲ್ ಸ್ಟೆಮ್ ಸೆಲ್), ಬೇರೆ ಮಗುವಿನ ಹೊಕ್ಕುಳಬಳ್ಳಿಯಿಂದ ತೆಗೆದು ಲ್ಯಾಬಲ್ಲಿ ಬೆಳೆಸಿದ ಜೀವಕೋಶ. ಇಮ್ಯೂನ್ ಸಿಸ್ಟಮ್ ತಣ್ಣಗೆ ಮಾಡುತ್ತೆ ಅಂತ ಹೇಳೋದು ಮುಖ್ಯವಾಗಿ ಇದನ್ನೇ. ಇದಕ್ಕೆ ಆ ಶಕ್ತಿ ಇಲ್ಲ ಅಂತ ನಾನು ಹೇಳಲ್ಲ. 2024ರ ಡಿಸೆಂಬರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡೋ ಸಂಸ್ಥೆ ಎಫ್‌ಡಿಎ ಇಂಥದ್ದೇ ಒಂದು ಚಿಕಿತ್ಸೆಗೆ (ಅದು ಬೋನ್ ಮ್ಯಾರೋದಿಂದ, ಅಂದ್ರೆ ಮೂಳೆಯೊಳಗಿನ ಮಜ್ಜೆಯಿಂದ ತೆಗೆದ ಸೆಲ್) ಒಪ್ಪಿಗೆ ಕೊಟ್ಟಿದೆ, ಬೋನ್ ಮ್ಯಾರೋ ಕಸಿ ಆದ್ಮೇಲೆ ದಾನಿಯ ಇಮ್ಯೂನ್ ಸೆಲ್‌ಗಳು ಮಗುವಿನ ಮೈಮೇಲೇ ದಾಳಿ ಮಾಡ್ತವಲ್ಲ, ಸ್ಟಿರಾಯ್ಡ್‌ಗೂ ಬಗ್ಗದ ಆ ಕಾಯಿಲೆಗೆ. ಅಲ್ಲಿ ಶತ್ರು ಯಾರು, ಎಲ್ಲಿದ್ದಾನೆ, ಸೋತನಾ ಇಲ್ವಾ ಅನ್ನೋದು ಕಣ್ಣಿಗೆ ಕಾಣುತ್ತೆ, ಚರ್ಮ, ಕರುಳು, ಲಿವರ್ ನೋಡಿ ಹೇಳಬಹುದು. ಆಟಿಸಂನಲ್ಲಿ ಅಂಥ ಅಳತೆಗೋಲು ಇನ್ನೂ ಇಲ್ಲ. ಡ್ಯೂಕ್‌ನವರೇ 12 ಮಕ್ಕಳಿಗೆ ಎಂಎಸ್‌ಸಿ ಕೊಟ್ಟಾಗ 5 ಮಕ್ಕಳ ರಕ್ತದಲ್ಲಿ ಬೇರೆಯವರ ಜೀವಕೋಶದ ವಿರುದ್ಧ ಹೊಸ ಆಂಟಿಬಾಡಿ ಹುಟ್ಟಿಕೊಳ್ತು. ಆ ಮಕ್ಕಳಿಗೆ ಅದರಿಂದ ತೊಂದರೆ ಆಗಿಲ್ಲ, ಆದ್ರೆ ಮುಂದೆ ಯಾವತ್ತಾದ್ರೂ ಅಂಗಾಂಗ ಕಸಿ ಬೇಕಾದ್ರೆ ಹೊಂದಾಣಿಕೆ ಸಿಗೋದು ಕಷ್ಟ ಆಗಬಹುದು. ಇಮ್ಯೂನ್ ಸಿಸ್ಟಮ್ ಸರಿ ಮಾಡೋಕೆ ಕೊಟ್ಟ ವಸ್ತುವನ್ನೇ ಇಮ್ಯೂನ್ ಸಿಸ್ಟಮ್ ಪರಕೀಯ ಅಂತ ಗುರುತು ಹಿಡೀತು ಅಂದ್ರೆ, ಇದನ್ನ ನನಗೆ ಯಾವ ಕ್ಲಿನಿಕ್‌ನವರೂ ಹೇಳಿರಲಿಲ್ಲ.

ಮೂರನೇದು ಮಗುವಿನ ಸೊಂಟದ ಮೂಳೆಯಿಂದ ಬೋನ್ ಮ್ಯಾರೋ ತೆಗೆದು ಅದರ ಜೀವಕೋಶನ ಬೆನ್ನುಹುರಿ ಸುತ್ತ ಇರೋ ದ್ರವಕ್ಕೆ ಸೂಜಿಯಿಂದ ಹಾಕೋದು. 2013ರಲ್ಲಿ ಭಾರತದಿಂದ 32 ಜನರ ಮೇಲೆ ಇಂಥ ಒಂದು ವರದಿ ಬಂದಿತ್ತು, ಪ್ಲಸೀಬೋ ಗುಂಪು ಇರಲಿಲ್ಲ, ಸುಧಾರಣೆ ಬರೆದಿದ್ರು, ಮೂವರಿಗೆ ಫಿಟ್ಸ್ ಬಂದಿದ್ದನ್ನೂ ಬರೆದಿದ್ರು, ಔಷಧಿಯಿಂದ ಹತೋಟಿಗೆ ಬಂತು ಅಂತ. ಆಟಿಸಂ ಇರೋ ಮಕ್ಕಳಿಗೆ ಫಿಟ್ಸ್ ಬರೋ ಸಾಧ್ಯತೆ ಮೊದಲೇ ಬೇರೆ ಮಕ್ಕಳಿಗಿಂತ ಹೆಚ್ಚು. ಅನಸ್ತೇಸಿಯಾ, ಮೂಳೆಗೆ ಸೂಜಿ, ಬೆನ್ನಿಗೆ ಸೂಜಿ, ಮುಟ್ಟಿದ್ರೇ ಕಿರುಚೋ ಮಗುವಿಗೆ. ನನ್ನ ಮಟ್ಟಿಗೆ ಮೂರರಲ್ಲಿ ಇದಕ್ಕೆ ಕೊನೇ ಸ್ಥಾನ.

ಭ್ರೂಣದ ನರಕೋಶ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಬೇರೆ ನರರೋಗ ಇದ್ದ ಒಬ್ಬ ಇಸ್ರೇಲಿ ಹುಡುಗನಿಗೆ ಮಾಸ್ಕೋದಲ್ಲಿ ಇದನ್ನ ಕೊಟ್ಟಿದ್ರು, ಕೆಲವು ವರ್ಷದ ಮೇಲೆ ಮೆದುಳಲ್ಲಿ ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೀತು, ಪರೀಕ್ಷೆ ಮಾಡಿದ್ರೆ ಅದು ದಾನಿಗಳ ಜೀವಕೋಶದ್ದೇ. 2009ರಲ್ಲಿ ಪ್ರಕಟ ಆಗಿದೆ.

ಡ್ರಿಪ್ ಹಾಕಿದ ಸೆಲ್ ಎಲ್ಲಿ ಹೋಗುತ್ತೆ ಅನ್ನೋದನ್ನೂ ತಿಳ್ಕೊಳ್ಳಿ. ನಾವೆಲ್ಲ ಅಂದ್ಕೊಂಡಿರೋದು ಅವು ಮೆದುಳಿಗೆ ಹೋಗಿ ಹೊಸ ನರ ಆಗ್ತವೆ ಅಂತ. ರಕ್ತನಾಳಕ್ಕೆ ಹಾಕಿದ ಎಂಎಸ್‌ಸಿಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಸಣ್ಣ ಸಣ್ಣ ನಾಳದಲ್ಲೇ ಸಿಕ್ಕಿಹಾಕ್ಕೊಳ್ತವೆ, ಕೆಲವೇ ದಿನಕ್ಕೆ ಕರಗಿಹೋಗ್ತವೆ. ಏನಾದ್ರೂ ಕೆಲಸ ಆಗೋದಾದ್ರೆ ಆ ಹೊತ್ತಲ್ಲಿ ಅವು ಬಿಡೋ ರಾಸಾಯನಿಕ ಸಂದೇಶದಿಂದ ಅಂತ ವಿಜ್ಞಾನಿಗಳ ಊಹೆ. ಮೆದುಳನ್ನ ರಿಪೇರಿ ಮಾಡುತ್ತೆ ಅನ್ನೋ ಬಣ್ಣದ ಚಿತ್ರ ತೋರಿಸಿದವರಿಗೆ ಈ ಮಾತು ಕೇಳಿ ನೋಡಿ.

ಆದ್ರೆ ಆ ಮಗುವಿಗೆ ಮಾತು ಬಂತಲ್ಲ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಯಾಕಂದ್ರೆ ಆ ಅಮ್ಮ ಸುಳ್ಳು ಹೇಳ್ತಿಲ್ಲ. ಮಗುವಿಗೆ ನಿಜವಾಗ್ಲೂ ಮಾತು ಬಂದಿದೆ. ಆದ್ರೆ ಮೂರು ನಾಲ್ಕು ವರ್ಷದ ಮಗು ಆರು ತಿಂಗಳಲ್ಲಿ ಏನೂ ಕೊಡದೇ ಇದ್ರೂ ಬೆಳೆಯುತ್ತೆ, ಜೊತೆಗೆ ಸ್ಪೀಚ್ ಥೆರಪಿ ನಡೀತಿರುತ್ತೆ, ಮತ್ತೆ ನಾವು ಇಂಥ ದೊಡ್ಡ ನಿರ್ಧಾರ ಮಾಡೋದು ಮಗು ತುಂಬಾ ಕೆಟ್ಟ ಘಟ್ಟದಲ್ಲಿ ಇದ್ದಾಗ, ಅಲ್ಲಿಂದ ಮುಂದಕ್ಕೆ ಹೇಗೂ ಸ್ವಲ್ಪ ಸುಧಾರಿಸುತ್ತೆ. 1998ರಲ್ಲಿ ಸೆಕ್ರೆಟಿನ್ ಅನ್ನೋ ಹಾರ್ಮೋನ್ ಕೊಟ್ಟ ಮೂರು ಮಕ್ಕಳಿಗೆ ತುಂಬಾ ಒಳ್ಳೇದಾಯ್ತು ಅಂತ ವರದಿ ಬಂತು, ಅಪ್ಪ ಅಮ್ಮಂದಿರು ಅದರ ಹಿಂದೆ ಓಡಿದ್ರು. ಮರುವರ್ಷವೇ ಪ್ಲಸೀಬೋ ಜೊತೆ ಹೋಲಿಸಿ ನೋಡಿದ್ರೆ ಎರಡೂ ಗುಂಪು ಒಂದೇ ಥರ ಸುಧಾರಿಸಿತ್ತು, ಉಪ್ಪು ನೀರು ತಗೊಂಡ ಮಕ್ಕಳೂ. ಆ ಫಲಿತಾಂಶ ಹೇಳಿದ ಮೇಲೂ 69% ಅಪ್ಪ ಅಮ್ಮಂದಿರು ಸೆಕ್ರೆಟಿನ್ ಬಗ್ಗೆ ಆಸಕ್ತಿ ಬಿಡಲಿಲ್ಲವಂತೆ. ಅವರನ್ನ ದಡ್ಡರು ಅಂತ ಅನ್ನೋಕೆ ನನಗೆ ಬಾಯಿ ಬರಲ್ಲ, ನಾನೂ ಆ 69ರಲ್ಲೇ ಇರ್ತಿದ್ದೆ. ಮೂಗಿಗೆ ಹಾಕೋ ಆಕ್ಸಿಟೋಸಿನ್ ಸ್ಪ್ರೇ ಕಥೆನೂ ಹೀಗೇ, ಸಣ್ಣ ಸ್ಟಡಿಗಳಲ್ಲಿ ಆಸೆ ಹುಟ್ಟಿಸ್ತು, 290 ಮಕ್ಕಳ ದೊಡ್ಡ ಟ್ರಯಲ್ 2021ರಲ್ಲಿ ಬಂದಾಗ ಪ್ಲಸೀಬೋಗಿಂತ ಏನೂ ಹೆಚ್ಚು ಸಿಗಲಿಲ್ಲ.

ಟ್ರಯಲ್‌ಗೆ ಸೇರೋದಾ, ದುಡ್ಡು ಕೊಟ್ಟು ಮಾಡಿಸೋದಾ

ಇವೆರಡನ್ನ ಒಂದೇ ಅಂತ ತಿಳ್ಕೊಂಡು ಮೋಸ ಹೋಗೋರು ಜಾಸ್ತಿ. ನಿಜವಾದ ಟ್ರಯಲ್ ಅಂದ್ರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಇರುತ್ತೆ, ರಿಜಿಸ್ಟರ್ ಆಗಿರುತ್ತೆ, ನಂಬರ್ ಕೊಡ್ತಾರೆ, ನಿಮ್ಮ ಮಗುವಿಗೆ ಪ್ಲಸೀಬೋ ಬರಬಹುದು ಅಂತ ಮುಖಕ್ಕೇ ಹೇಳ್ತಾರೆ, ಸೆಲ್‌ಗೆ ದುಡ್ಡು ಕೇಳಲ್ಲ, ಮುಗಿದ ಮೇಲೆ ಫಲಿತಾಂಶ ಒಳ್ಳೇದಿರಲಿ ಕೆಟ್ಟದ್ದಿರಲಿ ಪ್ರಕಟ ಮಾಡ್ತಾರೆ. ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಇದೆ. ರಿಜಿಸ್ಟ್ರಿಯಲ್ಲಿ ಹೆಸರಿದೆ ಅನ್ನೋದೊಂದೇ ಸಾಲದು ಅನ್ನೋದು ಮಾತ್ರ ನೆನಪಿರಲಿ, ದುಡ್ಡು ತಗೊಂಡು ಕೊಡೋ ಕೆಲವರೂ ಅಲ್ಲಿ ಹೆಸರು ಹಾಕಿರ್ತಾರೆ. ಆಟಿಸಂಗೆ ಅಂತ ಎಫ್‌ಡಿಎ ಯಾವ ಸ್ಟೆಮ್ ಸೆಲ್‌ಗೂ ಒಪ್ಪಿಗೆ ಕೊಟ್ಟಿಲ್ಲ. ಭಾರತದ ನ್ಯಾಷನಲ್ ಮೆಡಿಕಲ್ ಕಮಿಷನ್ ಕೂಡ 2022ರಲ್ಲೇ ಆಟಿಸಂಗೆ ಇದನ್ನ ಶಿಫಾರಸು ಮಾಡೋ ಹಾಗಿಲ್ಲ ಅಂತ ಹೇಳಿದೆ. ದುಡ್ಡು ತಗೊಂಡು ಕೊಡೋ ಕಡೆ ಸೆಲ್ ಎಲ್ಲಿಂದ ಬಂತು, ಯಾರು ಟೆಸ್ಟ್ ಮಾಡಿದ್ರು ಅನ್ನೋದು ಸಣ್ಣ ವಿಷಯ ಅಲ್ಲ, 2018ರಲ್ಲಿ ಅಮೆರಿಕದಲ್ಲಿ ಹೊಕ್ಕುಳಬಳ್ಳಿ ರಕ್ತದಿಂದ ಮಾಡಿದ ಪ್ರಾಡಕ್ಟ್ ಚುಚ್ಚಿಸ್ಕೊಂಡ 12 ಜನ ಬ್ಯಾಕ್ಟೀರಿಯಾ ಸೋಂಕಾಗಿ ಆಸ್ಪತ್ರೆ ಸೇರಿದ್ರು (ಅವರು ಬೇರೆ ಬೇರೆ ನೋವಿಗೆ ಅಂತ ತಗೊಂಡೋರು).

ಸೆಲ್ ಬೇಡ, ಇಮ್ಯೂನ್ ಟೆಸ್ಟ್ ಮಾಡಿಸಿ ಅದಕ್ಕೇ ಔಷಧಿ ಕೊಡಿಸೋಣ ಅನ್ನೋರಿಗೂ ಒಂದು ಮಾತು. ಸೈಟೋಕೈನ್ ಪ್ಯಾನೆಲ್ (ಇಮ್ಯೂನ್ ಸೆಲ್‌ಗಳು ಬಿಡೋ ರಾಸಾಯನಿಕ ಸಂದೇಶಗಳನ್ನ ಅಳೆಯೋ ಟೆಸ್ಟ್) ಅಂತ ಉದ್ದ ರಿಪೋರ್ಟ್ ಕೊಡ್ತಾರೆ, ಕೆಂಪು ಬಣ್ಣದಲ್ಲಿ ನಂಬರ್ ಇರುತ್ತೆ, ನೋಡಿದ್ರೆ ಹೊಟ್ಟೆ ಕಿವುಚುತ್ತೆ. ಆ ನಂಬರ್‌ಗಳು ನೆಗಡಿ ಆದ್ರೂ ಮೇಲೆ ಹೋಗ್ತವೆ, ಆಟಿಸಂಗೆ ಇಷ್ಟಿರಬೇಕು ಅನ್ನೋ ಲೆಕ್ಕ ಇಲ್ಲ. ಅದರ ಬದಲು ನಿಜವಾಗಿ ಇರೋ ಕಾಯಿಲೆ ಹುಡುಕಿ, ಅಲರ್ಜಿ, ಎಕ್ಸಿಮಾ, ಮಲಬದ್ಧತೆ, ಕಿವಿ ಸೋಂಕು, ನಿದ್ದೆ, ಫಿಟ್ಸ್, ಹಲ್ಲು. ನನ್ನ ಮಗ ಒಂದೂವರೆ ತಿಂಗಳು ಎಡಗೆನ್ನೆಗೆ ತಾನೇ ಹೊಡ್ಕೊಳ್ತಿದ್ದ, ಕೆಂಪಗೆ ಆಗೋ ಅಷ್ಟು. ಸೆನ್ಸರಿ ಅಂದ್ರು, ಬಿಹೇವಿಯರ್ ಅಂದ್ರು, ಒಬ್ರು ಮೆದುಳಿನ ಉರಿಯೂತ ಅಂತಲೂ ಅಂದ್ರು. ಒಂದಿನ ಗಮನಿಸಿದೆ, ತಣ್ಣೀರು ಕುಡಿದ ಮೇಲೇ ಹೊಡ್ಕೊಳ್ಳೋದು ಜಾಸ್ತಿ. ಡೆಂಟಿಸ್ಟ್ ಟಾರ್ಚ್ ಹಾಕಿ ನೋಡಿದ್ರೆ ಹಿಂದಿನ ದವಡೆ ಹಲ್ಲಲ್ಲಿ ತೂತು. ಹಲ್ಲು ಸರಿ ಮಾಡಿಸಿದ ನಾಲ್ಕನೇ ದಿನಕ್ಕೆ ಹೊಡ್ಕೊಳ್ಳೋದು ನಿಂತು ಹೋಯ್ತು. ಅವನು ಹೇಳ್ತಾನೇ ಇದ್ದ, ನಮಗೆ ಅರ್ಥ ಆಗಿರಲಿಲ್ಲ. ಆ ವಾರದಲ್ಲಿ ನಾವು ಡ್ರಿಪ್ ಹಾಕಿಸಿದ್ದಿದ್ರೆ ಸ್ಟೆಮ್ ಸೆಲ್‌ನಿಂದಲೇ ನಿಂತಿದ್ದು ಅಂತ ನಾನೇ ಎಲ್ಲರಿಗೂ ಹೇಳ್ತಿದ್ದೆ.

ಥೆರಪಿ ದಾರಿ ನಿಧಾನ, ಆದ್ರೆ ಅಳೆಯೋಕಾಗುತ್ತೆ

ಡ್ಯೂಕ್ ಟ್ರಯಲ್ ನಡೆಸಿದವರಲ್ಲಿ ಒಬ್ರಾದ ಜೆರಾಲ್ಡಿನ್ ಡಾಸನ್ ಅವರೇ 2010ರಲ್ಲಿ ಪುಟ್ಟ ಮಕ್ಕಳ ಥೆರಪಿ ಮೇಲೆ ಒಂದು ಟ್ರಯಲ್ ಪ್ರಕಟಿಸಿದ್ರು. ಒಂದೂವರೆಯಿಂದ ಎರಡೂವರೆ ವರ್ಷದ 48 ಮಕ್ಕಳು, ಎರಡು ವರ್ಷ, ಆಟದ ಜೊತೆಗೇ ಕಲಿಸೋ ಡೆನ್ವರ್ ಮಾಡೆಲ್. ಥೆರಪಿ ಪಡೆದವರ ಬುದ್ಧಿಮಟ್ಟದ ಸ್ಕೋರ್ ಸರಾಸರಿ 17.6 ಪಾಯಿಂಟ್ ಏರಿತ್ತು, ಬೇರೆ ಸಾಮಾನ್ಯ ಸೇವೆ ಪಡೆದವರದ್ದು 7. ಗಮನಿಸಿ, ಆ ಎರಡನೇ ಗುಂಪೂ ಏರಿದೆ, ಹೋಲಿಸೋಕೆ ಗುಂಪು ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಬ್ರಿಟನ್‌ನ ಪ್ಯಾಕ್ಟ್ ಟ್ರಯಲ್‌ನಲ್ಲಿ 152 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮಂದಿರಿಗೆ ಮಗುವಿನ ಜೊತೆ ಆಡೋ ವಿಡಿಯೋ ತೋರಿಸಿ, ಮಗು ಕೊಡೋ ಸಣ್ಣ ಸಣ್ಣ ಸನ್ನೆಗೆ ಹೇಗೆ ಸ್ಪಂದಿಸಬೇಕು ಅಂತ ಕಲಿಸಿದ್ರು, ಸುಮಾರು ಆರು ವರ್ಷದ ಮೇಲೆ ನೋಡಿದಾಗಲೂ ಸ್ವಲ್ಪ ಪರಿಣಾಮ ಉಳಿದಿತ್ತು. ಇವೂ ಪವಾಡ ಮಾಡಲ್ಲ, ಎಲ್ಲ ಮಗುವಿಗೂ ಒಂದೇ ಥರ ಆಗಲ್ಲ, ಮಗುವನ್ನ ದಿನವಿಡೀ ಅಳಿಸಿ ಮಾಡೋ ಥೆರಪಿ ಆದ್ರೆ ಅದನ್ನೂ ನಿಲ್ಲಿಸಿ.

ಮಾತಿಗೆ ಕಾಯೋ ಬದಲು ಚಿತ್ರದ ಕಾರ್ಡ್, ಟ್ಯಾಬ್ ಯಾವುದಾದ್ರೂ ಈಗಲೇ ಕೊಡಿ. ಇದರಿಂದ ಮಾತು ಬರೋದು ನಿಂತು ಹೋಗಲ್ಲ, ನೋಡಿದ ಸ್ಟಡಿಗಳಲ್ಲಿ ಮಾತು ಕಮ್ಮಿ ಆಗಿಲ್ಲ, ಎಷ್ಟೋ ಮಕ್ಕಳಲ್ಲಿ ಹೆಚ್ಚಾಗಿದೆ. ಸಿಟ್ಟು, ತನಗೇ ಹೊಡ್ಕೊಳ್ಳೋದು ತಡೆಯೋಕಾಗದಷ್ಟು ಇದ್ರೆ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಅಂತ ಎರಡು ಔಷಧಿ ಇವೆ, 2006ರಲ್ಲಿ ಮತ್ತೆ 2009ರಲ್ಲಿ ಅದಕ್ಕೇ ಅಂತ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು, ತೂಕ ಹೆಚ್ಚಾಗುತ್ತೆ, ಡಾಕ್ಟ್ರು ನೋಡ್ಕೊಂಡು ಕೊಡಬೇಕು.

ಯಾವುದನ್ನೇ ಶುರು ಮಾಡೋ ಮುಂಚೆ ನಾನೀಗ ನೋಟ್‌ಬುಕ್‌ನಲ್ಲಿ ಬರೆದಿಡ್ತೀನಿ, ಯಾವ ಒಂದು ವಿಷಯ ಬದಲಾಗಬೇಕು, ಇವತ್ತು ಅದು ವಾರಕ್ಕೆ ಎಷ್ಟು ಸಲ, ಯಾವ ತಾರೀಕಿಗೆ ನಿಲ್ಲಿಸ್ತೀನಿ. ಎಣಿಸೋದು ಶಾಲೆಯ ಟೀಚರ್, ಅವರಿಗೆ ಏನು ಶುರು ಮಾಡಿದ್ದೀವಿ ಅಂತ ಹೇಳಲ್ಲ. ಒಂದು ಸಪ್ಲಿಮೆಂಟ್ ನನಗೆ ತುಂಬಾ ಕೆಲಸ ಮಾಡ್ತಿದೆ ಅನ್ನಿಸಿತ್ತು, ಟೀಚರ್ ಲೆಕ್ಕದಲ್ಲಿ ಎಂಟು ವಾರದಲ್ಲಿ ಒಂದು ಚೂರೂ ಬದಲಾಗಿರಲಿಲ್ಲ, ನಿಲ್ಲಿಸಿದೆ.

ಈಗಾಗ್ಲೇ ಸ್ಟೆಮ್ ಸೆಲ್ ಮಾಡಿಸಿರೋರು ಇದನ್ನ ಓದಿ ಕೊರಗಬೇಡಿ. ಯಾವ ಸೆಲ್, ಯಾರದ್ದು, ಯಾವ ತಾರೀಕು, ಎಷ್ಟು ಡೋಸ್, ಲಾಟ್ ನಂಬರ್ ಏನು ಅಂತ ಕಾಗದದಲ್ಲಿ ಬರೆಸಿ ಇಟ್ಕೊಳ್ಳಿ, ಕೇಳಿದ್ರೆ ಕೊಡಲೇಬೇಕು. ನಿಮ್ಮ ಮಕ್ಕಳ ಡಾಕ್ಟ್ರಿಗೆ ಮುಚ್ಚಿಡದೆ ಹೇಳಿ, ಬೈತಾರೆ ಅಂತ ಎಷ್ಟೋ ಜನ ಹೇಳೋದೇ ಇಲ್ಲ. ಡ್ರಿಪ್ ಅಥವಾ ಬೆನ್ನಿನ ಇಂಜೆಕ್ಷನ್ ಆದ ದಿನಗಳಲ್ಲಿ ಜ್ವರ, ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿಯೋದು, ಫಿಟ್ಸ್ ಏನೇ ಬಂದ್ರೂ ಆ ಕ್ಲಿನಿಕ್‌ಗೆ ಫೋನ್ ಮಾಡ್ಕೊಂಡು ಕೂರದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ ಇದನ್ನ ಮಾಡಿಸಿದ್ದೀವಿ ಅಂತ ಮೊದಲ ಮಾತಲ್ಲೇ ಹೇಳಿ. ಕಾಲಲ್ಲಿ ಬಲ ಕಮ್ಮಿ ಆದ್ರೆ, ನಡಿಗೆ ಬದಲಾದ್ರೆ, ಅದು ವರ್ಷ ಕಳೆದ ಮೇಲೆ ಆದ್ರೂ ಸರಿ, ಡಾಕ್ಟ್ರ ಹತ್ರ ಹೋಗಿ, ಆ ಕಾಗದ ಜೊತೇಲಿ ಇರಲಿ.